ಪಾಸ್ತಾ ಹಡಗು ಹತ್ತಿದ ಆಷಾಢ

ಹೋದ ತಿಂಗಳು ಒಂದು ನಾಮಕರಣಕ್ಕೆಂದು ಅಜ್ಜಂಪುರದಲ್ಲಿ ಬಸ್ಸಿಳಿದು ನಡೆಯುತ್ತಿದ್ದೆ. ರೈಲ್ವೆ ಗೇಟಿನ ಕಡೆಯಿಂದ ಗಾಳಿ ಬೀಸಿತು. ಅದರಲ್ಲಿ ಒಂದು ವಾಸನೆ ಇತ್ತು. ಹಸಿ ಹಿಟ್ಟಿನದಲ್ಲ, ಹುರಿದ ರವೆಯದೂ ಅಲ್ಲ, ಎರಡರ ನಡುವಿನದು. ಬಿಸಿಗಾಳಿಯಲ್ಲಿ ಪಾಸ್ತಾ ಒಣಗುವಾಗ ಮಾತ್ರ ಬರುವಂಥದ್ದು. ಕೈ ತಾನಾಗಿ ಗಡಿಯಾರದ ಕಡೆ ತಿರುಗಿತು. ಹತ್ತು ಗಂಟೆ ಐದು ನಿಮಿಷ. ಹತ್ತು ಗಂಟೆಯ ತೇವವನ್ನು ಬರೆದುಕೊಂಡರೋ ಇಲ್ಲವೋ ಎಂಬ ಯೋಚನೆ ಮೊದಲು ಬಂತು. ನಾನು ಆ ಕೆಲಸ ಬಿಟ್ಟು ಎರಡು ವರ್ಷವಾಯಿತು ಎಂಬುದು ಆಮೇಲೆ ನೆನಪಾಯಿತು.

ನಾನು ನರ್ಸ್. ಮೂವತ್ತನಾಲ್ಕು ವರ್ಷ ಸರ್ಕಾರಿ ಆಸ್ಪತ್ರೆಗಳಲ್ಲಿ ದುಡಿದು, ಕೊನೆಯ ಹನ್ನೊಂದು ವರ್ಷ ತರೀಕೆರೆಯಲ್ಲಿದ್ದು, ನಿವೃತ್ತಳಾಗಿ ಕಡೂರಿನ ಮನೆಗೆ ಬಂದೆ. ಬೆಳಿಗ್ಗೆ ಐದಕ್ಕೆ ಏಳುವುದು, ಆರಕ್ಕೆ ಸ್ನಾನ, ಏಳಕ್ಕೆ ತಿಂಡಿ. ಅಲ್ಲಿಗೆ ದಿನದ ಕೆಲಸವೆಲ್ಲ ಮುಗಿದಿರುತ್ತಿತ್ತು. ಅಂಥ ಹೊತ್ತಿನಲ್ಲಿ ಒಂದು ದಿನ ಶಿವಮೂರ್ತಿ ಬಾಗಿಲಲ್ಲಿ ನಿಂತ. ತರೀಕೆರೆಯಲ್ಲಿ ಅವರದು ಮೂರು ತಲೆಮಾರಿನ ದಿನಸಿ ಮಂಡಿ. ಅವನ ತಾಯಿ ಎರಡು ತಿಂಗಳು ನನ್ನ ವಾರ್ಡಿನಲ್ಲಿದ್ದರು. ಕೈ ತೊಳೆಯದೆ ಒಳಗೆ ಬಂದ ಎಂದು ಆಗ ಅವನನ್ನು ನಾನು ಮೂರು ಸಲ ಹೊರಗೆ ಕಳಿಸಿದ್ದೆ.

"ಸಿಸ್ಟರ್, ಅಜ್ಜಂಪುರದಲ್ಲಿ ಪಾಸ್ತಾ ಫ್ಯಾಕ್ಟ್ರಿ ಹಾಕಿದೀನಿ. ಹೊರದೇಶಕ್ಕೆ ಕಳ್ಸೋಕೆ. ನೀವು ಬರ್ಬೇಕು" ಎಂದ.

"ನನಗೆ ಪಾಸ್ತಾ ಅಂದ್ರೆ ಏನು ಅಂತ್ಲೂ ಗೊತ್ತಿಲ್ಲ ಕಣೋ."

"ಗೊತ್ತಿರೋರು ಸಿಕ್ತಾರೆ ಸಿಸ್ಟರ್. ಹೊತ್ತಿಗೆ ಸರಿಯಾಗಿ ನೋಡಿ ಬರೆದಿಡೋರು ಸಿಗ್ತಿಲ್ಲ."

ಆ ಮಾತಿಗೆ ಒಪ್ಪಿಕೊಂಡೆ.

ಕಾರ್ಖಾನೆ ಎಂದರೆ ಹಳೆಯ ಈರುಳ್ಳಿ ಗೋದಾಮು. ಒಳಗೆ ಒಂದು ಒತ್ತುವ ಯಂತ್ರ, ಒಂದು ಉದ್ದನೆಯ ಒಣಗಿಸುವ ಕೋಣೆ, ನಾಲ್ಕು ಮೇಜು, ಇಪ್ಪತ್ತೆರಡು ಹೆಂಗಸರು. ಗೋಧಿ ರವೆಯನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಅಚ್ಚಿನಿಂದ ಒತ್ತಿ, ಬೆರಳುದ್ದ ಕತ್ತರಿಸಿ, ಬಿಸಿಗಾಳಿಯಲ್ಲಿ ಒಣಗಿಸುವುದು ಕೆಲಸ. ಶಾವಿಗೆಯ ದಾಯಾದಿ ಎಂದುಕೊಂಡರೆ ಸಾಕು. ನಮ್ಮ ಹೆಂಗಸರು ಅದನ್ನು ಪಾಸ್ತಾ ಎನ್ನುತ್ತಿರಲಿಲ್ಲ, 'ಕೊಳವೆ' ಎನ್ನುತ್ತಿದ್ದರು. ಯಂತ್ರ ನೋಡಿಕೊಳ್ಳುತ್ತಿದ್ದವಳು ತರೀಕೆರೆಯ ಸವಿತಾ. ಡಿಪ್ಲೊಮಾ ಓದಿದ ಹುಡುಗಿ, ನಾಲಿಗೆ ಚುರುಕು, ಕೈ ಅದಕ್ಕಿಂತ ಚುರುಕು. ಕೊನೆಯ ಮೇಜಿನಲ್ಲಿ ಪ್ಯಾಕೆಟ್ಟಿನ ಬಾಯಿಗೆ ಬಿಸಿ ಹಾಕಿ ಮುಚ್ಚುತ್ತಿದ್ದವಳು ಗೌರಮ್ಮ. ತವರು ಸಖರಾಯಪಟ್ಟಣ, ಮದುವೆಯಾಗಿ ಅಜ್ಜಂಪುರಕ್ಕೆ ಬಂದವಳು. ಐವತ್ತೆಂಟು ವರ್ಷ. ಬೆಳಿಗ್ಗೆ ಕೂತರೆ ಊಟದ ಗಂಟೆಯವರೆಗೆ ತಲೆ ಎತ್ತುತ್ತಿರಲಿಲ್ಲ. ಹಾಗಾಗಿ ನಾನು ಆ ಮೇಜಿನ ಚಿಂತೆಯನ್ನೇ ಮಾಡಲಿಲ್ಲ.

ಮೊದಲು ಕಳಿಸಿದ ಮಾದರಿ ಪೊಟ್ಟಣಕ್ಕೆ ಮಾರಿಷಸ್‌ನ ವ್ಯಾಪಾರಿಯಿಂದ ಒಂದೇ ಸಾಲಿನ ಉತ್ತರ ಬಂತು. ಪಾಸ್ತಾ ಚೆನ್ನಾಗಿದೆ, ಈರುಳ್ಳಿ ವಾಸನೆ ಏಕೆ? ಮೂರು ಸಲ ಸುಣ್ಣ ಹೊಡೆಸಿದೆ. ನೆಲವನ್ನು ಹನ್ನೆರಡು ದಿನ ಸೋಡಾ ನೀರಿನಲ್ಲಿ ತೊಳೆಸಿದೆ. ಎರಡನೆಯ ಮಾದರಿಗೆ ಒಪ್ಪಿಗೆ ಬಂತು. ಆಷಾಢದ ಕೊನೆಗೆ ಒಂದು ಕಂಟೇನರ್, ಏಳುನೂರು ಪೆಟ್ಟಿಗೆ, ಪೆಟ್ಟಿಗೆಗೆ ಇಪ್ಪತ್ನಾಲ್ಕು ಪ್ಯಾಕೆಟ್, ಪ್ಯಾಕೆಟ್ಟಿಗೆ ಐನೂರು ಗ್ರಾಮು.

ಆಷಾಢ ನಮ್ಮ ಸೀಮೆಯಲ್ಲಿ ಸುರಿಯುವ ಕಾಲವಲ್ಲ. ಲಕ್ಕವಳ್ಳಿ ಕಡೆ ಮೋಡ ಕಪ್ಪಾಗಿ ನಿಂತಿರುತ್ತದೆ, ಇಲ್ಲಿಗೆ ಬರುವುದು ಅದರ ಗಾಳಿ ಮತ್ತು ಜಿನುಗು ಮಾತ್ರ. ಬಟ್ಟೆ ನೆನೆಯುವುದಿಲ್ಲ, ಒಣಗುವುದೂ ಇಲ್ಲ. ಪಾಸ್ತಾಗೆ ಅದೇ ಶತ್ರು. ತೇವ ಹೆಚ್ಚಾಗಿ ಉಳಿದರೆ ಹಡಗಿನಲ್ಲಿ ಬೂಷ್ಟು ಹಿಡಿಯುತ್ತದೆ. ಬೇಗ ಒಣಗಿಸೋಣ ಎಂದು ಬಿಸಿ ಏರಿಸಿದರೆ ಆ ಹೊತ್ತಿಗೆ ಗಾಜಿನ ಹಾಗೆ ಚೆನ್ನಾಗಿಯೇ ಕಾಣುತ್ತದೆ, ಎರಡು ದಿನ ಬಿಟ್ಟು ನೋಡಿದರೆ ಕೂದಲೆಳೆ ಬಿರುಕು ಬಿಟ್ಟು ಮುಟ್ಟಿದರೆ ಮುರಿಯುತ್ತದೆ. ಜ್ವರವನ್ನು ಒಂದೇ ಸಲ ಇಳಿಸಬಾರದು ಎಂದು ನಾನು ಕಲಿತಿದ್ದೆ. ಇಲ್ಲಿಯೂ ಅದೇ ನಿಯಮ ಹಾಕಿದೆ. ಎರಡು ಗಂಟೆಗೊಮ್ಮೆ ಬಿಸಿ ನೋಡು, ತೇವ ನೋಡು, ಬರೆ, ಸಹಿ ಹಾಕು. ಒಣಗಿಸುವ ಕೋಣೆಯ ಬಾಗಿಲಿಗೆ ಚಾರ್ಟು ನೇತುಹಾಕಿದೆ. ದಿನದ ಮಾಲಿನಿಂದ ಮುಚ್ಚಿದ ಎರಡು ಪ್ಯಾಕೆಟ್ ತೆಗೆದು ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆ, ಮುಂದೆ ಯಾರಾದರೂ ಕೇಳಿದರೆ ತೋರಿಸಲು.

"ಮೇಡಂ, ಪಾಸ್ತಾಗೆ ನಾಡಿ ಹಿಡಿದು ನೋಡೋದೊಂದು ಬಾಕಿ" ಎಂದು ಸವಿತಾ ನಗುತ್ತಿದ್ದಳು.

"ಅದಕ್ಕೆ ಕೈ ಇದ್ದಿದ್ರೆ ಅದನ್ನೂ ನೋಡ್ತಿದ್ದೆ. ನೀನು ಹತ್ತು ಗಂಟೇದು ಬರೆದ್ಯಾ?"

ಮೂರ್ತಿಯ ಚಿಂತೆ ಬೇರೆ ಇತ್ತು. ನಾವು ದರ ಒಪ್ಪಿಕೊಂಡಾದ ಮೇಲೆ ರವೆಯ ಬೆಲೆ ಏರಿತು. ಇಳಿಯಬಹುದು ಎಂದು ಒಂದು ವಾರ ಕಾದ, ಇನ್ನೂ ಏರಿತು. ಅದೇ ಹೊತ್ತಿಗೆ ಬೇರೆ ದೇಶದ ಅಗ್ಗದ ಪಾಸ್ತಾ ಮಾರಿಷಸ್‌ನ ಅಂಗಡಿಗಳಿಗೆ ಬಂದು ಅಲ್ಲಿ ಬೆಲೆ ಬಿತ್ತು. ಒಂದು ಸಂಜೆ ನನ್ನ ಮುಂದೆ ಕೂತು ವಿಷಯ ಬಿಡಿಸಿ ಹೇಳಿದ.

"ನೋಡಿ ಸಿಸ್ಟರ್, ನಮಗೆ ದುಡ್ಡು ಬರೋದು ಆ ಮಾರಿಷಸ್‌ನವನ ಬ್ಯಾಂಕು ಕೊಟ್ಟಿರೋ ಪತ್ರದ ಮೇಲೆ. ಅದ್ರಲ್ಲಿ ತೂಕ, ಪೆಟ್ಟಿಗೆ, ಹಡಗು ಹೊರಡೋ ಕಡೇ ದಿನ ಎಲ್ಲಾ ಬರೆದೈತೆ. ನಮ್ಮ ಕಾಗದ ಅದಕ್ಕೆ ಸರಿಯಾಗಿ ಹೊಂದ್ಬೇಕು. ಅಲ್ಲಿ ಬೆಲೆ ಬಿದ್ದೋಗೈತೆ. ಈಗ ಅವನಿಗೆ ನಮ್ಮ ಮಾಲು ದುಬಾರಿ. ಒಂದು ತಪ್ಪು ಸಿಕ್ರೆ ಸಾಕು, ಬೇಡ ಅಂದ್ಬಿಡ್ತಾನೆ."

"ಬೇಡ ಅಂದ್ರೆ?"

"ಬೇರೆ ಗಿರಾಕಿ ಇಲ್ಲ. ಕಂತಲ್ಲಿ ತಂದ ಒಣಗಿಸೋ ಮಿಷನ್ನು ವಾಪಸ್ ಕೊಟ್ಟು ಬಾಗ್ಲು ಹಾಕೋದು. ಹೆಂಗಸ್ರು ಮತ್ತೆ ಈರುಳ್ಳಿ ಆರಿಸೋಕೆ ಹೋಗ್ಬೇಕು."

ತಪ್ಪು ಸಿಗುವುದಿಲ್ಲ ಎಂದೆ. ಜಂಬದ ಮಾತಲ್ಲ, ನನ್ನ ಚಾರ್ಟುಗಳ ಮೇಲೆ ನನಗೆ ಅಷ್ಟು ನಂಬಿಕೆ ಇತ್ತು. ಒಂದು ಸಣ್ಣ ಸಂಗತಿ ಮಾತ್ರ ಹೊಂದುತ್ತಿರಲಿಲ್ಲ. ಒಣಗಿದ ಮಾಲಿಗೂ ತುಂಬಿದ ಪ್ಯಾಕೆಟ್ಟಿಗೂ ದಿನಕ್ಕೆ ಒಂದು ಸಣ್ಣ ಚೀಲದಷ್ಟು ಕಡಿಮೆ ಬೀಳುತ್ತಿತ್ತು. ತೇವ ಆರಿದ್ದು, ಚೂರು ಪುಡಿಯಾಗಿ ಹೋದದ್ದು ಎಂದು ಒಂದು ಕಾಲಂ ಮಾಡಿ ಅದರಲ್ಲಿ ಬರೆದುಬಿಟ್ಟೆ. ಕಾಲಂ ಇದ್ದರೆ ಮನಸ್ಸಿಗೆ ಸಮಾಧಾನ.

ಸೋಮವಾರ ಕಂಟೇನರ್ ತುಂಬಿತು. ಆ ದಿನ ಕರೆಂಟಿಲ್ಲದೆ ಲಾರಿ ತೂಗುವ ವೇಬ್ರಿಡ್ಜ್ ನಿಂತಿತ್ತು. ಪೆಟ್ಟಿಗೆಯ ಲೆಕ್ಕದಿಂದ ನಾನೇ ಗುಣಿಸಿ ತೂಕ ಬರೆದುಕೊಟ್ಟೆ. ಶನಿವಾರ ಮಂಗಳೂರಿನಿಂದ ಹಡಗು. ಲಾರಿ ಹೊರಟ ಮೇಲೆ ಗೌರಮ್ಮ ಗೇಟಿಗೆ ನೀರು ಹಾಕಿ, ಕೈ ಮುಗಿದು, ಮತ್ತೆ ಒಳಗೆ ಹೋಗಿ ಮೇಜು ಒರೆಸಿದಳು.

ಬುಧವಾರ ಮಧ್ಯಾಹ್ನ ಬಂದರಿನ ಏಜೆಂಟರ ಫೋನು ಬಂತು. ನಮ್ಮ ಕಾಗದಪತ್ರಗಳನ್ನು ಅಲ್ಲಿ ನೋಡಿಕೊಳ್ಳುವವರು ಅವರು. ಮೂರ್ತಿ ಫೋನನ್ನು ಮೇಜಿನ ಮೇಲಿಟ್ಟು ಎಲ್ಲರಿಗೂ ಕೇಳುವ ಹಾಗೆ ಮಾಡಿದ.

"ಒಂದು ತೊಂದ್ರೆ ಉಂಟು ಮಾರಾಯ್ರೆ. ನಿಮ್ಮ ಕಂಟೇನರ್ ಇಲ್ಲಿ ತೂಕ ಮಾಡಿದ್ರೆ ನೀವು ಬರೆದದ್ದಕ್ಕಿಂತ ಮುನ್ನೂರು ಕಿಲೋದ ಮೇಲೆ ಜಾಸ್ತಿ ಬರ್ತದೆ. ಒಳಗೆ ಎಂಥ ಹಾಕಿದ್ದೀರಿ?"

ಮೂರ್ತಿಯ ಮುಖ ಬಿಳುಚಿತು. ಅವನು ನನ್ನ ಕಡೆ ನೋಡಲಿಲ್ಲ, ಬಾಗಿಲಲ್ಲಿ ನೇತಾಡುತ್ತಿದ್ದ ಚಾರ್ಟಿನ ಕಡೆ ನೋಡಿದ. ಅವನು ಏನು ಯೋಚಿಸಿದ ಎಂದು ನನಗೆ ತಿಳಿಯಿತು. ತೂಕ ಹೆಚ್ಚಿದೆ ಎಂದರೆ ಮಾಲು ನೀರು ಹೀರಿದೆ. ಅಂದರೆ ನಾನು ಬರೆದ ತೇವವೆಲ್ಲ ಸುಳ್ಳು.

"ಕಪಾಟಿನ ಪ್ಯಾಕೆಟ್ ತೆಗಿ ಸವಿತಾ" ಎಂದೆ.

ಮೊದಲ ಪ್ಯಾಕೆಟ್ ಬಿಚ್ಚಿ ತೇವ ನೋಡಿದೆವು. ಬರೆದಷ್ಟೇ ಇತ್ತು. ಎರಡನೆಯದು, ಮೂರನೆಯದು, ಅದೇ. ಇನ್ನೊಂದನ್ನು ತಕ್ಕಡಿಯ ಮೇಲಿಟ್ಟೆ. ಕವರಿನ ಭಾರ ಕಳೆದು ಐನೂರ ಇಪ್ಪತ್ತು ಗ್ರಾಮು. ಮತ್ತೊಂದು, ಐನೂರ ಇಪ್ಪತ್ತೊಂದು. ಮತ್ತೊಂದು, ಐನೂರ ಹತ್ತೊಂಬತ್ತು. ಹತ್ತು ಪ್ಯಾಕೆಟ್ ತೂಗಿದರೂ ಒಂದೆರಡು ಗ್ರಾಮಿನ ಆಚೀಚೆಗಿಂತ ಹೆಚ್ಚು ವ್ಯತ್ಯಾಸವಿಲ್ಲ.

"ತಕ್ಕಡಿ ಕೆಟ್ಟೈತೆ" ಎಂದ ಮೂರ್ತಿ.

"ಎರಡನೇ ಮೇಜಲ್ಲಿ ನಾನೇ ನಿಂತು ತೂಗ್ಸಿದೀನಿ ಸಾರ್. ಐನೂರಕ್ಕೆ ಒಂದು ಕಡ್ಡಿ ಹೆಚ್ಚಿಲ್ಲ" ಎಂದಳು ಸವಿತಾ.

ಗೌರಮ್ಮ ನಮ್ಮ ಹಿಂದೆಯೇ ನಿಂತಿದ್ದಳು. "ಐನೂರು ತೂಕ ಅಲ್ವಾ ಸಿಸ್ಟ್ರಮ್ಮ. ಮೇಲಿಂದು ಕೊಸರು" ಎಂದಳು, ಯಾರೋ ಗೊತ್ತಿಲ್ಲದವರಿಗೆ ದಾರಿ ಹೇಳುವ ಹಾಗೆ.

ನಾನು ತಕ್ಕಡಿ ಬಿಟ್ಟು ಅವಳ ಕಡೆ ತಿರುಗಿದೆ.

"ಯಾವ ಕೊಸರು?" ಎಂದೆ.

"ಅಳತೆ ಮುಗಿದ್ ಮೇಲೆ ಹಾಕ್ತೀವಲ್ಲ, ಅದೇ. ಬಾಯಿ ಮುಚ್ಚೋ ಮುಂಚೆ ಒಂದೊಂದು ಸಣ್ಣ ಹಿಡಿ ಹಾಕಿದೀನಿ."

"ಎಲ್ಲದಕ್ಕೂ?"

"ಒಂದಕ್ಕೆ ಹಾಕಿ ಒಂದಕ್ಕೆ ಬಿಡೋಕಾಗುತ್ತಾ? ನಮ್ಮವ್ವ ಸಖರಾಯಪಟ್ಟಣದ ಸಂತೇಲಿ ಮಂಡಕ್ಕಿ ಮಾರ್ತಿದ್ಲು. ಒಂದಿನ ಕೊಸರು ಹಾಕ್ದೆ ಕೊಟ್ಟೋಳಲ್ಲ. ಇವ್ರು ಹೊರದೇಶದೋರು, ಮೊದಲ್ನೇ ಸಲ ನಮ್ ಮಾಲು ತಗೋತಿರೋರು. ತಕ್ಕಡೀಲಿ ಅಳೆದು ಅಷ್ಟೇ ಮಡಗಿ ಕೊಟ್ರೆ ಏನಂದ್ಕೊಂಡಾರು?"

ಸವಿತಾ ತಲೆಯ ಮೇಲೆ ಕೈ ಹೊತ್ತಳು. "ಗೌರಕ್ಕ, ನೀನು ಕೊಸರು ಹಾಕಿ ಹಡಗೇ ಮುಳುಗಿಸ್ಬಿಡ್ತಿದ್ದೆ ಕಣಕ್ಕ!"

"ಹಿಡಿ ಕೊಳವೆಗೆ ಮುಳುಗೋದಾದ್ರೆ ಅದೆಂಥ ಹಡಗಮ್ಮ" ಎಂದಳು ಗೌರಮ್ಮ.

ನನಗೆ ಕೋಪ ಬಂದದ್ದು ಅವಳ ಮೇಲಲ್ಲ. ದಿನಕ್ಕೊಂದು ಸಣ್ಣ ಚೀಲ ಕಾಣೆಯಾಗುತ್ತಿತ್ತು, ನಾನು ಅದಕ್ಕೊಂದು ಹೆಸರಿಟ್ಟು ಸುಮ್ಮನಾಗಿದ್ದೆ. ಎರಡನೆಯ ಮೇಜಿನವರೆಗೆ ನೋಡಿ ನಾಲ್ಕನೆಯದಕ್ಕೆ ಹೋಗಿರಲಿಲ್ಲ. ತಪ್ಪು ನನ್ನದು ಎಂದು ಅಲ್ಲೇ ಹೇಳಿದೆ. ಆ ಕೈಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ ಎಂಬುದೂ ನಿಜ. ಹದಿನಾರು ಸಾವಿರಕ್ಕೂ ಹೆಚ್ಚು ಸಲ ಎತ್ತಿ ಹಾಕಿಯೂ ಇಪ್ಪತ್ತು ಗ್ರಾಮು ಕದಲದ ಕೈಯನ್ನು ನಾನು ಆಸ್ಪತ್ರೆಯಲ್ಲೂ ಹೆಚ್ಚು ಕಂಡವಳಲ್ಲ.

ಫೋನು ಇನ್ನೂ ತೆರೆದೇ ಇತ್ತು. ಏಜೆಂಟರು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಕ್ಕು, ಒಂದು ದಾರಿ ಹೇಳಿದರು. ಪೆಟ್ಟಿಗೆಗಳ ಕೆಳಗಿನ ಮರದ ಹಲಗೆಗಳು ಮಳೆಗೆ ನೆನೆದು ಭಾರವಾಗಿವೆ ಎಂದು ಬರೆದುಬಿಡೋಣ, ಪಾಸ್ತಾದ ತೂಕ ಮೊದಲಿನಷ್ಟೇ ಇರಲಿ, ಯಾರೂ ಕೇಳುವುದಿಲ್ಲ. ಇನ್ನೊಂದು ದಾರಿ ಎಂದರೆ ಕಂಟೇನರ್ ಇಳಿಸಿ, ಪ್ರತಿ ಪ್ಯಾಕೆಟ್ ಬಿಚ್ಚಿ, ಹೆಚ್ಚಿನದನ್ನು ತೆಗೆದು ಮತ್ತೆ ಮುಚ್ಚುವುದು.

"ಈಗ ಅಲ್ಲಿ ಮಳೆ ಹೇಗಿದೆ?" ಎಂದು ಕೇಳಿದೆ.

"ಮಳೆಯಾ? ಮೂರು ದಿನದಿಂದ ನಿಲ್ಲಲೇ ಇಲ್ಲ."

ಆ ಗಾಳಿಯಲ್ಲಿ ಬಿಚ್ಚಿದರೆ ಎಲ್ಲವೂ ತೇವ ಹೀರುತ್ತದೆ. ಆ ದಾರಿ ಮುಗಿಯಿತು. ಹಲಗೆಯ ದಾರಿಯ ಕಡೆ ಮೂರ್ತಿಯ ಮನಸ್ಸು ವಾಲುವುದು ಕಾಣುತ್ತಿತ್ತು.

"ಬೇಡ ಮೂರ್ತಿ. ಆಮೇಲೆ ಕೂತು ಬರೆದ ಚಾರ್ಟು ಒಂದಲ್ಲ ಒಂದಿನ ಸಿಕ್ಕೇ ಸಿಗುತ್ತೆ. ಅಲ್ಲಿ ಒಂದು ಪ್ಯಾಕೆಟ್ ತಕ್ಕಡಿಗೆ ಹಾಕಿದ್ರೆ ಮುಗೀತು, ಕಾಗದ ಸುಳ್ಳು ಅನ್ನೋದೇ ಅವನಿಗೆ ಬೇಕಾದ ತಪ್ಪು. ವಾರ್ಡಿನಲ್ಲಿ ಔಷಧಿ ಹೆಚ್ಚು ಕಡಿಮೆ ಆದ್ರೆ ನಾವು ಮೊದಲು ಡಾಕ್ಟರಿಗೆ ಹೇಳ್ತಿದ್ವಿ. ಅಳೋದು ಆಮೇಲೆ. ಇದ್ದದ್ದನ್ನ ಬರಿ."

"ಬರೆದ್ರೆ ಅವನು ಬೇಡ ಅನ್ನೋಕೆ ನಾವೇ ಬಾಗ್ಲು ತೆಗ್ದು ಕೊಟ್ಟಂಗೆ ಸಿಸ್ಟರ್."

"ಕಡಿಮೆ ಹಾಕಿದ್ರೆ ತೆಗೆದ ಹಾಗೆ. ನಾವು ಹಾಕಿರೋದು ಹೆಚ್ಚು."

ನಾಲ್ಕು ಗಂಟೆಗೆ ಸವಿತಾ ವ್ಯಾಪಾರಿಗೆ ಪತ್ರ ಟೈಪು ಮಾಡಿದಳು. ಪ್ರತಿ ಪ್ಯಾಕೆಟ್ಟಿನಲ್ಲೂ ಬರೆದದ್ದಕ್ಕಿಂತ ಇಪ್ಪತ್ತು ಗ್ರಾಮು ಹೆಚ್ಚಿದೆ, ತೇವ ಸರಿಯಾಗಿದೆ, ಹೆಚ್ಚಿನದಕ್ಕೆ ಹಣ ಬೇಡ, ನಿಜವಾದ ತೂಕದ ಕಾಗದಕ್ಕೆ ನಿಮ್ಮ ಬ್ಯಾಂಕಿಗೆ ಒಪ್ಪಿಗೆ ಕೊಡಿ. ಕಾರಣ ಏನು ಎಂದು ಬರೆಯುವುದು ಎಂದು ಅವಳು ಕೇಳಿದಳು. ಅಳತೆಯ ಮೇಲೆ ಒಂದಿಷ್ಟು ಹಾಕಿ ಕೊಡುವುದು ನಮ್ಮ ಕಡೆಯ ರೂಢಿ ಎಂದೇ ಬರೆಸಿದೆ. ಕೆಳಗೆ ಮೂರ್ತಿ ಸಹಿ ಮಾಡಿದ. ಚಾರ್ಟುಗಳ ಪ್ರತಿಯನ್ನೂ ಜೊತೆಗೆ ಕಳಿಸಿದೆವು.

ಮರುದಿನ ಹತ್ತೂವರೆಗೆ ಉತ್ತರ ಬಂತು. ಸವಿತಾ ಓದಿ ಕನ್ನಡದಲ್ಲಿ ಹೇಳಿದಳು. ಬ್ಯಾಂಕಿಗೆ ಒಪ್ಪಿಗೆ ಕೊಡಲು ಸಿದ್ಧ, ಆದರೆ ಒಂದು ಷರತ್ತು. ಇನ್ನು ಮುಂದಿನ ಪ್ರತಿ ಕಂಟೇನರಿನಲ್ಲೂ ಇದೇ ದರಕ್ಕೆ ಐನೂರ ಇಪ್ಪತ್ತು ಗ್ರಾಮಿನ ಪ್ಯಾಕೆಟ್ ಕೊಡಬೇಕು. ಒಪ್ಪಿದ್ದೇವೆ ಎಂದು ಇವತ್ತೇ ಬರೆಯಬೇಕು.

ಮೂರ್ತಿ ಕುರ್ಚಿಯ ತುದಿಗೆ ಬಂದ. "ಬರಿ ಸವಿತಾ, ಒಪ್ಪಿದೀವಿ ಅಂತ. ಶುಕ್ರವಾರ ಸಂಜೆಗೆ ಬಂದರಲ್ಲಿ ಕಾಗದ ತಗೊಳ್ಳೋದು ನಿಲ್ಲಿಸ್ತಾರೆ. ಮೊದ್ಲು ಹಡಗು ಹೋಗ್ಲಿ."

"ರವೆ ಈಗಿನ ಬೆಲೇಲಿ ಆ ಇಪ್ಪತ್ತು ಗ್ರಾಮು ಕೊಟ್ರೆ ನಿನಗೆ ಏನು ಉಳಿಯುತ್ತೆ?" ಎಂದು ಕೇಳಿದೆ.

"ಉಳಿಯಲ್ಲ. ಮೂರನೇ ಕಂಟೇನರಿಗೆ ಬಾಗ್ಲು ಹಾಕ್ತೀನಿ. ಆದ್ರೆ ಒಪ್ಪಲ್ಲ ಅಂದ್ರೆ ಇವತ್ತೇ ಹಾಕ್ಬೇಕಲ್ಲ ಸಿಸ್ಟರ್!"

ಖಾಲಿ ಕವರು ತೆಗೆದುಕೊಂಡು ಹೋಗಲು ಬಂದಿದ್ದ ಗೌರಮ್ಮ ನಿಂತಳು. "ಅವ್ನು ಏನಂತಾನೆ?"

"ನಿನ್ನ ಕೊಸರು ಅವನಿಗೆ ಹಿಡಿಸ್ತಂತೆ. ಪ್ರತೀ ಸಲ ಬೇಕಂತೆ" ಎಂದಳು ಸವಿತಾ.

ಗೌರಮ್ಮನ ಮುಖ ಗಂಟಿಕ್ಕಿತು. "ಬೇಕು ಅಂತ ಕೇಳಿದ್ನಾ? ಕೇಳಿ ಇಸ್ಕೊಂಡ್ರೆ ಅದು ಕೊಸರಾ? ಅದು ತೂಕ. ತೂಕಕ್ಕೆ ಬೆಲೆ ಹಾಕಿ ಮೂರ್ತಣ್ಣ. ಸಂತೇಲಿ ಹಂಗೆ ಕೇಳೋರು ಇದ್ರು. ನಮ್ಮವ್ವ ಅಂಥೋರಿಗೆ, ತಗೋಳಪ್ಪ, ಇನ್ನೊಂದು ಪಾವು ಅಳೀತೀನಿ, ಕಾಸು ತೆಗಿ, ಅಂತಿದ್ಲು."

"ಆಗ ಏನ್ಮಾಡ್ತಿದ್ರು?" ಎಂದ ಮೂರ್ತಿ, ಆ ಸ್ಥಿತಿಯಲ್ಲೂ.

"ಏನ್ಮಾಡ್ತಾರೆ? ನಗ್ತಾ ತಗೊಂಡು ಹೋಗೋರು. ಬೇಡ್ದೆ ಇರೋನು ನಿಂತು ಚೌಕಾಶಿ ಮಾಡ್ತಾನಾ?"

ಅವಳ ಆ ಕೊನೆಯ ಮಾತು ನನಗೆ ಪತ್ರದ ಒಳಗನ್ನು ತೋರಿಸಿತು. ಪತ್ರವನ್ನು ಮತ್ತೊಮ್ಮೆ ಓದಿಸಿದೆ.

"ಮೂರ್ತಿ, ಇಲ್ಲಿ ನೋಡು. ಇವನು ಈ ಕಂಟೇನರ್ ಬೇಡ ಅಂತ ಎಲ್ಲೂ ಹೇಳಿಲ್ಲ. ಮುಂದಿನದರ ಮಾತಾಡ್ತಿದಾನೆ. ಬಿಟ್ಟು ಹೋಗೋನು ಮುಂದಿನ ಮಾಲು ಕೇಳಲ್ಲ. ಅವನಿಗೆ ನಮ್ಮ ಪಾಸ್ತಾ ಬೇಕು, ಅಗ್ಗಕ್ಕೆ ಬೇಕು, ಅಷ್ಟೇ. ಗೌರಮ್ಮ ಹೇಳಿದ ಹಾಗೆ ಬರಿ."

ಮೂರ್ತಿ ಎದ್ದು ಬಾಗಿಲವರೆಗೆ ಹೋಗಿ, ಜಿನುಗು ನೋಡಿ, ಬಂದು ಕೂತ. ಮೂರು ತಲೆಮಾರು ಮಂಡಿಯಲ್ಲಿ ಕೂತ ಮನೆತನ. ಆ ಮಾತಿನ ಹುರುಳು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು, ಭಯದಲ್ಲಿ ಮರೆತಿದ್ದ. ಹೇಳಿ ಬರೆಸಿದ. ಈ ಸಲದ ಹೆಚ್ಚಿನದು ನಮ್ಮ ಉಡುಗೊರೆ. ಮುಂದಿನ ಸಲ ಐನೂರಕ್ಕೆ ಐನೂರರ ದರ, ಐನೂರ ಇಪ್ಪತ್ತಕ್ಕೆ ಅದರ ದರ, ಎರಡನ್ನೂ ಕೆಳಗೆ ಕೊಟ್ಟಿದ್ದೇವೆ. ಬ್ಯಾಂಕಿನ ಒಪ್ಪಿಗೆಗೂ ಇದಕ್ಕೂ ಸಂಬಂಧವಿಲ್ಲ. ಹನ್ನೊಂದೂವರೆಗೆ ಪತ್ರ ಹೋಯಿತು.

ಆಮೇಲೆ ಏನೂ ಇಲ್ಲ. ಗುರುವಾರ ಮಧ್ಯಾಹ್ನ ಕಳೆಯಿತು. ಶುಕ್ರವಾರ ಬೆಳಿಗ್ಗೆ ಏಜೆಂಟರು ಎರಡು ಸಲ ಫೋನು ಮಾಡಿದರು. ಕೆಲಸ ನಿಲ್ಲಿಸಬಾರದು ಎಂದು ನಾನು ಯಂತ್ರ ಓಡಿಸಿದೆ. ಯಾರಿಗೆ ಮಾರುವುದೆಂದು ತಿಳಿಯದ ಪಾಸ್ತಾ ಹಾಗೆಯೇ ಅಚ್ಚಿನಿಂದ ಹೊರಬಂತು, ಒಣಗಿತು. ಹತ್ತು ಗಂಟೆಯದು ಬರೆದೆ. ಹನ್ನೆರಡರದು ಬರೆದೆ. ಎರಡರದು ಬರೆಯುವಾಗ ನನ್ನ ಅಕ್ಷರ ಸ್ವಲ್ಪ ಓರೆಯಾಗಿತ್ತು, ಈಗ ಹೇಳಿದರೆ ತಪ್ಪಿಲ್ಲ. ಹೆಂಗಸರು ಎಂದಿನ ಹಾಗೆ ಹಾಡಿಕೊಳ್ಳಲಿಲ್ಲ. ಮೂರ್ತಿ ತರೀಕೆರೆಗೆ ಹೋಗುತ್ತೇನೆ ಎಂದು ನಾಲ್ಕು ಸಲ ಎದ್ದು ನಾಲ್ಕು ಸಲವೂ ಕೂತ.

ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಸವಿತಾ ಕಂಪ್ಯೂಟರಿನ ಮುಂದಿನಿಂದಲೇ ಕೂಗಿದಳು. "ಬಂತು! ಬ್ಯಾಂಕಿಗೆ ಒಪ್ಪಿಗೆ ಕಳಿಸಿದಾನೆ! ನಿಜವಾದ ತೂಕಕ್ಕೇ!"

ಮೂರ್ತಿ ಮೊದಲು ಏಜೆಂಟರಿಗೆ ಫೋನು ಮಾಡಿದ, ಆಮೇಲೆ ಕಣ್ಣು ಒರೆಸಿಕೊಂಡ. ಸರಿಯಾದ ಕ್ರಮ. ಶನಿವಾರ ಹಡಗು ಹೊರಟಿತು. ಹಣ ಬಂದ ಮೇಲೆ ಹತ್ತು ದಿನಕ್ಕೆ ಎರಡನೆಯ ಆರ್ಡರೂ ಬಂತು. ದರದಲ್ಲಿ ಸ್ವಲ್ಪ ಎಳೆದಾಡಿ, ಕೊನೆಗೆ ವ್ಯಾಪಾರಿ ಐನೂರು ಗ್ರಾಮಿನ ಪ್ಯಾಕೆಟ್ಟನ್ನೇ ಹಳೆಯ ದರಕ್ಕೆ ಒಪ್ಪಿಕೊಂಡಿದ್ದ. ಬರೀ ಅವನನ್ನೇ ನಂಬಿದರೆ ಆಗುವುದಿಲ್ಲ ಎಂದು ಮೂರ್ತಿ ಅದೇ ವಾರ ಇನ್ನಿಬ್ಬರಿಗೆ ಮಾದರಿ ಕಳಿಸಿದ. ನಾನು ಆ 'ತೇವ ಆರಿದ್ದು' ಎಂಬ ಕಾಲಂ ಅನ್ನು ಗೆರೆ ಎಳೆದು ತೆಗೆದೆ. ಒಂದು ತಕ್ಕಡಿ ತರಿಸಿ, ನನ್ನ ಕುರ್ಚಿಯನ್ನು ನಾಲ್ಕನೆಯ ಮೇಜಿನ ಪಕ್ಕಕ್ಕೆ ಹಾಕಿಕೊಂಡೆ.

ಗೌರಮ್ಮನಿಗೆ ವಿಷಯ ತಿಳಿಸಬೇಕಿತ್ತು. ಸುತ್ತಿ ಬಳಸದೆ ಹೇಳಿದೆ.

"ಐನೂರಕ್ಕೆ ಒಪ್ಪಿದಾನೆ. ಇನ್ನು ಮೇಲೆ ಅಷ್ಟೇ. ಒಂದು ಚೂರೂ ಹೆಚ್ಚಿಲ್ಲ."

ಅವಳು ಖಾಲಿ ಪ್ಯಾಕೆಟ್ಟೊಂದನ್ನು ಕೈಯಲ್ಲಿ ತಿರುಗಿಸಿದಳು.

"ಅಳೆದು ಅಷ್ಟೇ ಕೊಟ್ರೆ ಸಾಕಂತಾ ಅವ್ರಿಗೆ?"

"ಸಾಕಂತೆ."

"ಪಾಪ" ಎಂದಳು ಗೌರಮ್ಮ.

ನಾನು ತಕ್ಕಡಿಯನ್ನು ಅವಳ ಮುಂದೆ ಎಳೆದು ಇಟ್ಟೆ.